ಹೊಸ ಉಪ್ಪುನೀರಿನ ಟ್ಯಾಂಕ್ ಮಜ್ಜಿಗೆಯಾದಾಗ: ಯಾವ ಮಬ್ಬಿಗೆ ಯಾವ ಮದ್ದು

ಹೋದ ಏಪ್ರಿಲ್‌ನಲ್ಲಿ ಒಂದು ರಾತ್ರಿ 11 ಗಂಟೆಗೆ ಸಿರುಗುಪ್ಪದಿಂದ ಅಕ್ಕನ ಮಗನ ಫೋನ್ ಬಂತು. "ಮಾಮ, ನೀರು ಪೂರಾ ಮಜ್ಜಿಗೆ ಆಗೈತೆ. ಏನ್ ಹಾಕ್ಲಿ?" ಅವನು ಮೂರಡಿ ಟ್ಯಾಂಕಿಗೆ ಉಪ್ಪುನೀರು ತುಂಬಿಸಿ ಅಂದಿಗೆ ಐದು ದಿನ. "ಏನೂ ಹಾಕಬೇಡ. ಒಂದು ಗಾಜಿನ ಲೋಟ ತಗೋ" ಅಂದೆ. ಅವನಿಗೆ ಸಿಟ್ಟು ಬಂತು. ಬಾಟಲಿಯ ಹೆಸರು ಹೇಳ್ತಾನೆ ಅಂತ ಫೋನ್ ಮಾಡಿದರೆ ಮಾಮ ಲೋಟ ಕೇಳ್ತಾನೆ!

ನಾನು ಬಳ್ಳಾರಿಯಲ್ಲಿ ಉಪ್ಪುನೀರಿನ ಮೀನು ಸಾಕಲು ಶುರು ಮಾಡಿ ಆರು ವರ್ಷ ಆಯಿತು. ಕಾರವಾರದ ಕಡಲು ಇಲ್ಲಿಂದ 300 ಕಿಲೋಮೀಟರಿಗಿಂತ ಜಾಸ್ತಿ ದೂರ. ಉಪ್ಪು, ಮರಳು, ಮೀನು ಎಲ್ಲವೂ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರಬೇಕು. ಏನಾದರೂ ಕೆಟ್ಟರೆ ಓಡಿಹೋಗಿ ಕೇಳಲು ಹತ್ತಿರದಲ್ಲಿ ಯಾರೂ ಇಲ್ಲ. ಹಾಗಾಗಿ ನಾನು ಕಲಿತದ್ದೆಲ್ಲ ತಪ್ಪು ಮಾಡಿಯೇ. ಅದರಲ್ಲಿ ಮೊದಲ ಪಾಠ ಈ ಬಿಳಿ ನೀರಿನದು.

ಹೊಸ ಟ್ಯಾಂಕಿನ ನೀರು ಮಬ್ಬಾಗಲು ನಾಲ್ಕೈದು ಕಾರಣಗಳಿವೆ. ದೂರದಿಂದ ನೋಡಿದರೆ ಎಲ್ಲವೂ ಒಂದೇ ಥರ ಬಿಳಿ. ಆದರೆ ಒಂದಕ್ಕೆ ಮದ್ದಾದದ್ದು ಇನ್ನೊಂದನ್ನು ಕೆಡಿಸುತ್ತದೆ. ಧೂಳಿಗೆ ಹತ್ತಿ ಬೇಕು, ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು, ಸುಣ್ಣದಂತೆ ಒಡೆದ ನೀರಿಗೆ ಏನೂ ಹಾಕದೆ ಕೂರುವ ತಾಳ್ಮೆ ಬೇಕು. ಯಾವ ಮಬ್ಬು ಅಂತ ಗೊತ್ತಾಗುವವರೆಗೆ ಟ್ಯಾಂಕಿಗೆ ಒಂದು ಹನಿಯನ್ನೂ ಹಾಕಬಾರದು.

ಲೋಟದ ಪರೀಕ್ಷೆ

ಬಣ್ಣವಿಲ್ಲದ ಗಾಜಿನ ಲೋಟ ಎರಡು ಬೇಕು. ಟೀ ಅಂಗಡಿಯ ಲೋಟ ಆದರೂ ನಡೆಯುತ್ತದೆ. ಸ್ಟೀಲ್ ಲೋಟದಲ್ಲಿ ಏನೂ ಕಾಣುವುದಿಲ್ಲ. ಸೋಪಿನ ಜಿಡ್ಡು ಇಲ್ಲದಂತೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಟ್ಯಾಂಕಿನ ನಡುಮಟ್ಟದಿಂದ ನೀರು ತುಂಬಿ. ಮೇಲಿನ ಪದರದಿಂದ ತೆಗೆದರೆ ಜಿಡ್ಡು ಬರುತ್ತದೆ, ತಳದಿಂದ ತೆಗೆದರೆ ಮರಳು ಬರುತ್ತದೆ.

ಲೋಟದ ಹಿಂದೆ ಕಪ್ಪು ಬಟ್ಟೆ ಹಿಡಿದು ಪಕ್ಕದಿಂದ ಮೊಬೈಲ್ ಟಾರ್ಚ್ ಬಿಡಿ. ಎರಡೇ ನಿಮಿಷದಲ್ಲಿ ಮಬ್ಬು ಮೇಲಕ್ಕೆ ಎದ್ದು ಹೋಗಿ ನೀರು ತಿಳಿಯಾದರೆ ಅದು ಗಾಳಿಗುಳ್ಳೆ. ಒಂದೆರಡು ಗಂಟೆಯಲ್ಲಿ ತಳದಲ್ಲಿ ಬಿಳಿ ಹುಡಿ ಕೂತರೆ ಅದು ಮರಳಿನ ಧೂಳು, ಇಲ್ಲವೇ ನೀರಿನಿಂದ ಬೇರ್ಪಟ್ಟ ಸುಣ್ಣದ ಪುಡಿ. ರಾತ್ರಿಯಿಡೀ ಇಟ್ಟರೂ ಬೆಳಿಗ್ಗೆ ಅದೇ ಮಜ್ಜಿಗೆ ನೀರಾಗಿದ್ದರೆ ಬ್ಯಾಕ್ಟೀರಿಯಾ. ಬಿಳಿ ಕಾಗದದ ಮುಂದೆ ಹಿಡಿದಾಗ ಹಸಿರು ಛಾಯೆ ಕಂಡರೆ ಪಾಚಿ.

ಎರಡನೇ ಲೋಟಕ್ಕೆ ಒಂದು ಚಿಕ್ಕ ಚಮಚ ಬಿಳಿ ವಿನೆಗರ್ ಹಾಕಿ ಕಲಕಿ. ಸ್ವಲ್ಪ ಹೊತ್ತಿನಲ್ಲಿ ನೀರು ತಿಳಿಯಾದರೆ ಆ ಬಿಳಿ ವಸ್ತು ಕ್ಯಾಲ್ಸಿಯಂ ಕಾರ್ಬೊನೇಟ್. ಬ್ಯಾಕ್ಟೀರಿಯಾ ಆಗಿದ್ದರೆ ವಿನೆಗರ್ ಹಾಕಿದರೂ ಮಬ್ಬು ಹೋಗುವುದಿಲ್ಲ.

ಇಲ್ಲಿ ಒಂದು ತೊಡಕಿದೆ. ಅಕ್ವೇರಿಯಂಗೆ ಬರುವ ಅರಗೊನೈಟ್ ಮರಳೂ ಕ್ಯಾಲ್ಸಿಯಂ ಕಾರ್ಬೊನೇಟೇ. ಹಾಗಾಗಿ ಮರಳಿನ ಧೂಳೂ ವಿನೆಗರ್‌ಗೆ ಕರಗುತ್ತದೆ, ನೀರಿನಿಂದ ಒಡೆದು ಬಂದ ಸುಣ್ಣವೂ ಕರಗುತ್ತದೆ. ಇವೆರಡನ್ನು ಬೇರೆ ಮಾಡಲು ಅಲ್ಕಲಿನಿಟಿ (ನೀರಿನಲ್ಲಿ ಕರಗಿರುವ ಕಾರ್ಬೊನೇಟ್, ಬೈಕಾರ್ಬೊನೇಟಿನ ಅಳತೆ ಅಂದುಕೊಳ್ಳಿ) ನೋಡುವ ಕಿಟ್ ಬೇಕು. ಧೂಳಾಗಿದ್ದರೆ ಅಲ್ಕಲಿನಿಟಿ ಉಪ್ಪಿನ ಡಬ್ಬದ ಮೇಲೆ ಬರೆದಷ್ಟೇ ಇರುತ್ತದೆ. ನೀರು ಒಡೆದಿದ್ದರೆ ಅದಕ್ಕಿಂತ ಸ್ಪಷ್ಟವಾಗಿ ಕಡಿಮೆ ಬರುತ್ತದೆ. ನನ್ನ ಅಳಿಯನ ಕಥೆ ತಿರುಗಿದ್ದು ಇಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಗುಳ್ಳೆಯಾಗಿದ್ದರೆ ಚಿಂತೆ ಬೇಡ

ಲೋಟ ತುಂಬುವಷ್ಟೂ ಪುರಸೊತ್ತಿಲ್ಲದಿದ್ದರೆ ಎಲ್ಲ ಪಂಪ್‌ಗಳನ್ನು ಹತ್ತು ನಿಮಿಷ ಆಫ್ ಮಾಡಿ. ನೀರು ತಿಳಿಯಾದರೆ ನಿಮ್ಮದು ಸೋಡಾ ಬಾಟಲಿಯ ಸಮಸ್ಯೆ, ಅಷ್ಟೇ.

ಹೊಸ ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸಾಧನ) ಮೊದಲ ಒಂದೆರಡು ವಾರ ಸಣ್ಣ ಗುಳ್ಳೆಗಳನ್ನು ಟ್ಯಾಂಕಿಗೆ ಬಿಡುವುದು ಮಾಮೂಲಿ. ಒಳಗಿನ ಪ್ಲಾಸ್ಟಿಕ್ಕಿಗೆ ಲೋಳೆ ಹಿಡಿದ ಮೇಲೆ ತಾನೇ ಸರಿಹೋಗುತ್ತದೆ. ಪೈಪಿನ ಜಾಯಿಂಟ್ ಸಡಿಲವಾಗಿದ್ದರೂ ಪಂಪ್ ಗಾಳಿ ಎಳೆಯುತ್ತದೆ.

ಆದರೆ ನಮ್ಮ ಕಡೆ ಜಾಸ್ತಿ ಕಾಣುವ ಕಾರಣ ಬೇರೆ: ಸಂಪಿನಲ್ಲಿ ನೀರು ಕಡಿಮೆಯಾಗುವುದು. ಸಂಪ್ ಅಂದರೆ ಮನೆ ಮುಂದೆ ನೆಲದಡಿ ಇರುವ ಸಂಪಲ್ಲ, ಟ್ಯಾಂಕಿನ ಕೆಳಗೆ ಇಡುವ ಫಿಲ್ಟರ್ ತೊಟ್ಟಿ. (ಹಾಗೆ ಹೇಳಿದಾಗ ನಮ್ಮ ಮನೆಯ ಪ್ಲಂಬರ್ ನನ್ನನ್ನು ಒಂದು ಥರ ನೋಡಿದ್ದ.) ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ಒಣ ಬಿಸಿಲಿಗೆ, ಅದರ ಮೇಲೆ ಫ್ಯಾನ್ ಗಾಳಿಗೆ, ನನ್ನ ಮೂರಡಿ ಟ್ಯಾಂಕಿನಿಂದ ದಿನಕ್ಕೆ ಮೂರು ನಾಲ್ಕು ಲೀಟರ್ ನೀರು ಆವಿಯಾಗುತ್ತದೆ. ಇಳಿಯುವುದು ಸಂಪಿನ ನೀರು. ಸಂಜೆ ಹೊತ್ತಿಗೆ ಪಂಪಿನ ಬಾಯಿ ಅರ್ಧ ಹೊರಗೆ ಬಂದು, ನೀರಿನ ಜೊತೆ ಗಾಳಿಯನ್ನೂ ಕುಡಿದು, ಟ್ಯಾಂಕಿಗೆ ಉಗಿಯುತ್ತದೆ. ಬೆಳಿಗ್ಗೆ ತಿಳಿ, ಸಂಜೆ ಮಬ್ಬು ಅಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಸಂಪಿನ ಗಾಜಿಗೆ ಮಾರ್ಕರ್‌ನಲ್ಲಿ ಗೆರೆ ಹಾಕಿ, ಗೆರೆಯವರೆಗೆ ಶುದ್ಧ ಸಿಹಿನೀರು ತುಂಬಿ. ಉಪ್ಪುನೀರು ಅಲ್ಲ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದಿರುತ್ತದೆ.

ಮರಳಿನ ಧೂಳು

ತುಂಬಿಸಿದ ದಿನವೇ, ಇಲ್ಲವೇ ಮಾರನೇ ದಿನ ನೀರು ಅಕ್ಕಿ ತೊಳೆದ ನೀರಿನ ಥರ ಇದ್ದರೆ ನೂರಕ್ಕೆ ತೊಂಬತ್ತು ಪಾಲು ಅದು ಮರಳು. ಒಣ ಅರಗೊನೈಟ್ ಮರಳಿನ ಚೀಲದಲ್ಲಿ ಹಿಟ್ಟಿನಂಥ ಪುಡಿ ಇದ್ದೇ ಇರುತ್ತದೆ. ಅದನ್ನು ಬಕೆಟಿನಲ್ಲಿ ಅಕ್ಕಿ ತೊಳೆದಂತೆ ಏಳೆಂಟು ಸಲ ತೊಳೆಯಬೇಕು. ನಾನು ಮೊದಲ ಸಲ ಎರಡು ನೀರಿಗೇ ಸಾಕು ಅಂದುಕೊಂಡೆ. ಒದ್ದೆ ಪ್ಯಾಕೆಟಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಸಮೇತ ಬರುವ 'ಲೈವ್ ಸ್ಯಾಂಡ್' ಮಾತ್ರ ತೊಳೆಯಬಾರದು, ತೊಳೆದರೆ ಅದಕ್ಕೆ ಕೊಟ್ಟ ದುಡ್ಡೂ ತೊಳೆದುಹೋಗುತ್ತದೆ.

ನೀರು ಸುರಿಯುವ ರೀತಿಯೂ ಮುಖ್ಯ. ಮರಳಿನ ಮೇಲೆ ಒಂದು ಊಟದ ತಟ್ಟೆ ಇಟ್ಟು ಅದರ ಮೇಲೆ ನಿಧಾನವಾಗಿ ಸುರಿಯಿರಿ. ನೇರವಾಗಿ ಬಕೆಟ್ ಬೋರಲು ಹಾಕಿದರೆ ಎಷ್ಟು ತೊಳೆದರೂ ಅಷ್ಟೇ.

ಈಗಾಗಲೇ ಎದ್ದಿರುವ ಧೂಳಿಗೆ ಫಿಲ್ಟರ್ ಹತ್ತಿಯೇ ಮದ್ದು. ಅದನ್ನು ಸಂಪಿನಲ್ಲಿ ಅಥವಾ ಟ್ಯಾಂಕಿನ ಅಂಚಿಗೆ ನೇತುಹಾಕುವ ಹ್ಯಾಂಗ್‌ಆನ್ ಫಿಲ್ಟರಿನಲ್ಲಿ ನೀರು ಹಾದುಹೋಗುವ ಕಡೆ ಒತ್ತಾಗಿ ತುಂಬಿ, ದಿನಕ್ಕೆ ಎರಡು ಸಲ ಬದಲಿಸಿ. ಪವರ್‌ಹೆಡ್‌ಗಳನ್ನು (ಟ್ಯಾಂಕಿನೊಳಗೆ ನೀರು ಓಡಾಡಿಸುವ ಸಣ್ಣ ಪಂಪ್‌ಗಳು) ಮೇಲ್ಮೈ ಕಡೆ ತಿರುಗಿಸಿ, ಮರಳು ಕೆದಕಬಾರದು. ಕಲ್ಲಿನ ಮೇಲೆ ಕೂತ ಧೂಳನ್ನು ಸೂಜಿ ಇಲ್ಲದ ದೊಡ್ಡ ಸಿರಿಂಜಿನಿಂದ ಊದಿ ಎಬ್ಬಿಸಿ, ಹತ್ತಿ ಹಿಡಿದುಕೊಳ್ಳುತ್ತದೆ. ಎರಡು ಮೂರು ದಿನದಲ್ಲಿ ತಿಳಿಯಾಗುತ್ತದೆ. ವಾರವಾದರೂ ಹೋಗದಿದ್ದರೆ ಪವರ್‌ಹೆಡ್ ಎಲ್ಲೋ ಮೂಲೆಯಲ್ಲಿ ಮರಳನ್ನು ಎಬ್ಬಿಸುತ್ತಲೇ ಇದೆ ಅಂತ ಅರ್ಥ. ರಾತ್ರಿ ಟಾರ್ಚ್ ಹಿಡಿದು ಹುಡುಕಿ.

ಮರಳಿನ ವಿಷಯ ಬಂದಾಗ ಒಂದು ಮಾತು. ತುಂಗಭದ್ರೆಯ ಮರಳು ಸುಮ್ನೆ ಸಿಗುತ್ತದಲ್ಲ ಅಂತ ಕೇಳುವವರಿದ್ದಾರೆ. ಬೇಡ. ಹೊಳೆಮರಳಲ್ಲಿ ಮಣ್ಣು, ಜೇಡಿ ಎಲ್ಲ ಇರುತ್ತದೆ, ಎಷ್ಟು ತೊಳೆದರೂ ಮುಗಿಯುವುದಿಲ್ಲ. ಅರಗೊನೈಟ್‌ಗೆ ದುಡ್ಡು ಕೊಡುವುದೇ ಅಗ್ಗ.

ಇನ್ನೊಂದು, ಪಟಕ. ಮಳೆಗಾಲದಲ್ಲಿ ಕಾಲುವೆ ನೀರು ಕೆಂಪಗೆ ಬಂದಾಗ ನಮ್ಮವ್ವ ಕೊಡದಲ್ಲಿ ಪಟಕದ ಕಲ್ಲನ್ನು ನಾಲ್ಕು ಸುತ್ತು ತಿರುಗಿಸಿ ಇಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಕೊಡದ ನೀರು ಕನ್ನಡಿ. ನನ್ನ ಟ್ಯಾಂಕ್ ನೋಡಿದಾಗಲೂ ಅವಳು ಹೇಳಿದ್ದು ಅದನ್ನೇ. ಕೊಡಕ್ಕೆ ಅದು ಸರಿ, ಉಪ್ಪುನೀರಿನ ಟ್ಯಾಂಕಿಗೆ ಸರಿಯಲ್ಲ. ಪಟಕ ನೀರಿನ ಅಲ್ಕಲಿನಿಟಿಯನ್ನು ತಿಂದುಹಾಕುತ್ತದೆ, ಅಲ್ಯೂಮಿನಿಯಂ ಲೋಳೆಯಾಗಿ ಕಲ್ಲು ಮರಳಿನ ಮೇಲೆ ಕೂರುತ್ತದೆ. ಮಬ್ಬು ಹೋದರೂ ಬೇರೆ ತಲೆನೋವು ಉಳಿಯುತ್ತದೆ.

ನೀರು ಒಡೆಯುವುದು

ಹಾಲು ಒಡೆಯುವುದು ಎಲ್ಲರಿಗೂ ಗೊತ್ತು. ಉಪ್ಪುನೀರೂ ಒಡೆಯುತ್ತದೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಕಡಲ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ ಸುಮಾರು 410 ಮಿಲಿಗ್ರಾಂ ಇರುತ್ತದೆ. ಅಲ್ಕಲಿನಿಟಿ ಸುಮಾರು 7 ಡಿಕೆಎಚ್ (ಅಲ್ಕಲಿನಿಟಿ ಅಳೆಯುವ ಮಾನ). ಅಕ್ವೇರಿಯಂ ಉಪ್ಪುಗಳಲ್ಲಿ ಇವೆರಡೂ ಇನ್ನೂ ಸ್ವಲ್ಪ ಜಾಸ್ತಿಯೇ ಇರುತ್ತವೆ. ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಒಂದೇ ನೀರಿನಲ್ಲಿ ಇಷ್ಟು ಇರುವುದೇ ಒಂದು ಬಿಗಿ ಹಗ್ಗದ ಮೇಲಿನ ನಡಿಗೆ. ನೀರಿನಲ್ಲಿರುವ ಮೆಗ್ನೀಸಿಯಂ ಅವೆರಡೂ ಕೂಡಿಕೊಳ್ಳದಂತೆ ಅಡ್ಡ ನಿಂತಿರುತ್ತದೆ. ನೀರು ತುಂಬಾ ಬಿಸಿಯಾದರೆ, ಪಿಎಚ್ ಏರಿದರೆ, ಅಥವಾ ಒಂದೇ ಜಾಗದಲ್ಲಿ ಇವು ದಟ್ಟವಾದರೆ ಹಗ್ಗ ತುಂಡಾಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯಾಗಿ ಹೊರಗೆ ಬೀಳುತ್ತದೆ. ನೀರು ಸುಣ್ಣದ ತಿಳಿಯಂತೆ ಕಾಣುತ್ತದೆ. ಹೀಟರ್, ಪಂಪ್‌ಗಳ ಮೇಲೆ ಬಿಳಿ ಹೊರಪದರ ಕಟ್ಟುತ್ತದೆ, ಥೇಟ್ ನಮ್ಮ ಬೋರ್ ನೀರಿನ ಗೀಸರ್ ಕಾಯಿಲ್ ಮೇಲೆ ಕಟ್ಟುವ ಹಾಗೆ. ಎರಡರ ಮೂಲವೂ ಒಂದೇ.

ಅಳಿಯನ ಟ್ಯಾಂಕಿನಲ್ಲಿ ಆದದ್ದು ಇದೇ. ಬೆಳಿಗ್ಗೆ ಅವನ ಲೋಟದ ತಳದಲ್ಲಿ ಬಿಳಿ ಹುಡಿ ಕೂತಿತ್ತು. ವಿನೆಗರ್ ಹಾಕಿದ ಲೋಟ ತಿಳಿಯಾಗಿತ್ತು. ಮರಳು ಅಂದುಕೊಳ್ಳೋಣ ಅಂದರೆ ಅವನು ತುಂಬಿಸಿದ ಎರಡನೇ ದಿನವೇ ನೀರು ತಿಳಿಯಾಗಿ ಫೋಟೊ ಕಳಿಸಿದ್ದ. ಅಲ್ಕಲಿನಿಟಿ ಎಷ್ಟು ಅಂತ ಕೇಳಿದೆ. "ಐದೂವರೆ ಐತಿ ಮಾಮ. ಡಬ್ಬದ ಮೇಲೆ ಎಂಟು ಅಂತ ಬರ್ದಾರ. ನಿನ್ನೆ ಆರು ಇತ್ತು. ಅದಕ್ಕೇ ಸೋಡಾ ಹಾಕಿದ್ನಿ." ಯಾವ ಸೋಡಾ? "ಅಡುಗೆ ಸೋಡಾ. ವಿಡಿಯೊದಾಗ ಹೇಳಿದಂಗ ಬಾಣಲೆಯಾಗ ಹುರಿದು." ಎಷ್ಟು? "ಮೂರು ಚಮಚ." ಒಂದೇ ಸಲಕ್ಕಾ? ಆ ಕಡೆ ಮೌನ.

ಅಡುಗೆ ಸೋಡಾ ಹುರಿದರೆ ವಾಷಿಂಗ್ ಸೋಡಾ ಆಗುತ್ತದೆ. ಅದು ಅಲ್ಕಲಿನಿಟಿಯ ಜೊತೆ ಪಿಎಚ್ಚನ್ನೂ ಮೇಲಕ್ಕೆ ಎತ್ತುತ್ತದೆ. ಹನಿ ಹನಿಯಾಗಿ, ಜೋರು ಹರಿವಿರುವ ಕಡೆ ಹಾಕಬೇಕಾದದ್ದನ್ನು ಮೂರು ಚಮಚ ಒಟ್ಟಿಗೆ ಸುರಿದರೆ ಬಿದ್ದ ಜಾಗದಲ್ಲೇ ನೀರು ಒಡೆಯುತ್ತದೆ. ಹುಟ್ಟಿದ ಪುಡಿಯ ಮೇಲೆ ಇನ್ನಷ್ಟು ಕಾರ್ಬೊನೇಟ್ ಬಂದು ಅಂಟುತ್ತದೆ. ಅಲ್ಕಲಿನಿಟಿ ಏರುವ ಬದಲು ಇಳಿಯುತ್ತದೆ. ಇಳಿಯಿತಲ್ಲ ಅಂತ ಮತ್ತೆ ಸೋಡಾ ಹಾಕಿದರೆ ಮತ್ತೆ ಒಡೆಯುತ್ತದೆ. ಈ ಗಾಣಕ್ಕೆ ಕೊನೆಯೇ ಇಲ್ಲ. ಅವನು ಎರಡನೇ ಸುತ್ತಿಗೆ ಸೋಡಾ ಹುರಿದು ಇಟ್ಟುಕೊಂಡೇ ಫೋನ್ ಮಾಡಿದ್ದ.

ಹಾಗಾದರೆ ಸೋಡಾ ಹಾಕುವ ಮೊದಲೇ ಆರಕ್ಕೆ ಇಳಿದದ್ದು ಯಾಕೆ? ಅದು ಉಪ್ಪು ಕಲಸುವಾಗ ಆದ ಎಡವಟ್ಟು. ಅವನು ಖಾಲಿ ಡ್ರಮ್ಮಿಗೆ ಮೊದಲು ಉಪ್ಪು ಸುರಿದು ಆಮೇಲೆ ನೀರು ಬಿಟ್ಟಿದ್ದ. ಮೊದಲು ಬಿದ್ದ ಎರಡು ಮೂರು ಲೀಟರ್ ನೀರಿನಲ್ಲಿ ಅಷ್ಟೂ ಉಪ್ಪು ಗಂಜಿಯಂತೆ ದಟ್ಟವಾಗಿ, ಅಲ್ಲೇ ಒಂದಿಷ್ಟು ಸುಣ್ಣ ಹುಟ್ಟಿಬಿಡುತ್ತದೆ. ಆಮೇಲೆ ಎಷ್ಟು ನೀರು ಸೇರಿಸಿದರೂ ಅದು ಮತ್ತೆ ಕರಗುವುದಿಲ್ಲ. ಯಾವಾಗಲೂ ನೀರಿಗೆ ಉಪ್ಪು ಹಾಕಬೇಕು, ಉಪ್ಪಿಗೆ ನೀರಲ್ಲ. ಜೊತೆಗೆ ಅವನು ಕಲಸಿದ್ದು ಮಧ್ಯಾಹ್ನ ಎರಡು ಗಂಟೆಗೆ, ತಾರಸಿ ಮೇಲಿನ ಕಪ್ಪು ಟ್ಯಾಂಕಿನಿಂದ ಬಂದು ಆರ್‌ಓ ದಾಟಿದ ನೀರಿನಲ್ಲಿ. ನಮ್ಮೂರ ಏಪ್ರಿಲ್ ಮಧ್ಯಾಹ್ನದ ನಲ್ಲಿ ನೀರು ಹೇಗಿರುತ್ತದೆ ಅಂತ ಹೇಳಬೇಕಾ? ಕೈ ಸುಡುತ್ತದೆ. ಈಗ ನಾನು ಆರ್‌ಓ ನೀರನ್ನು ಹಿಂದಿನ ರಾತ್ರಿಯೇ ಹಿಡಿದು ನೆರಳಿನಲ್ಲಿ ಆರಿಸಿ, ಬೆಳಿಗ್ಗೆ ಆರಕ್ಕೆ ಕಲಸುತ್ತೇನೆ. ನೀರು 25 ಡಿಗ್ರಿ ಆಸುಪಾಸಿನಲ್ಲಿ ಇದ್ದರೆ ಒಳ್ಳೆಯದು. ಸಣ್ಣ ಪಂಪ್ ತಿರುಗಿಸುತ್ತಾ, ಹಿಡಿ ಹಿಡಿಯಾಗಿ ಉಪ್ಪು ಬಿಡುತ್ತಾ ಹೋಗುತ್ತೇನೆ. 20 ಲೀಟರಿಗೆ ಸುಮಾರು 700ರಿಂದ 750 ಗ್ರಾಂ ಬೇಕಾಗುತ್ತದೆ. ಕೊನೆಗೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಅಂದರೆ ಸಾಂದ್ರತೆ ಸುಮಾರು 1.026, ಬಂತಾ ಅಂತ ನೋಡುತ್ತೇನೆ.

ಒಡೆದ ನೀರಿಗೆ ಏನು ಮಾಡಬೇಕು? ಮೊದಲು ಸೋಡಾ ಡಬ್ಬ ಅಡುಗೆಮನೆಗೆ ವಾಪಸ್ ಕಳಿಸಿ. ಹತ್ತಿ ಬದಲಿಸುತ್ತಾ ಪುಡಿ ಕೂರಲು ಬಿಡಿ, ಒಂದೆರಡು ದಿನ ಬೇಕು. ಪೂರ್ತಿ ತಿಳಿಯಾದ ಮೇಲೆ ಅಲ್ಕಲಿನಿಟಿ, ಕ್ಯಾಲ್ಸಿಯಂ ಎರಡನ್ನೂ ಅಳೆಯಿರಿ. ಅಲ್ಕಲಿನಿಟಿ 2.8 ಡಿಕೆಎಚ್ ಇಳಿದರೂ ಕ್ಯಾಲ್ಸಿಯಂ ಬರೀ 20 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ ಅಂದುಕೊಳ್ಳಿ) ಇಳಿಯುತ್ತದೆ. ಹಾಗಾಗಿ ಕ್ಯಾಲ್ಸಿಯಂ ಸರಿ ಇದೆಯಲ್ಲ, ನೀರು ಒಡೆದಿಲ್ಲ ಅಂತ ತಪ್ಪು ತಿಳಿಯಬೇಡಿ. ಸರಿಯಾಗಿ ಕಲಸಿದ ಹೊಸ ಉಪ್ಪುನೀರಿನಿಂದ ಕಾಲು ಭಾಗ ಬದಲಿಸಿ. ಎರಡು ಸಲ ಮಾಡಿದರೆ ಅಳತೆ ತಾನೇ ಮೇಲೆ ಬರುತ್ತದೆ. ಪಂಪ್, ಹೀಟರ್‌ಗಳನ್ನು ಹೊರತೆಗೆದು, ಅರ್ಧ ವಿನೆಗರ್ ಅರ್ಧ ನೀರಿನಲ್ಲಿ ಒಂದು ಗಂಟೆ ನೆನೆಸಿ ತೊಳೆಯಿರಿ. ಅಳಿಯನ ಟ್ಯಾಂಕ್ ನಾಲ್ಕನೇ ದಿನಕ್ಕೆ ತಿಳಿಯಾಯಿತು. ಅವನಿಂದ ಏನೂ ಹಾಕಿಸದೆ ಇರಿಸುವುದೇ ನನಗೆ ದೊಡ್ಡ ಕೆಲಸವಾಗಿತ್ತು.

ನೀರಿನ ಮೂಲವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬೋರ್ ನೀರು ಮೊದಲೇ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಬೈಕಾರ್ಬೊನೇಟಿನ ಮೇಲೆ ಉಪ್ಪಿನದೂ ಸೇರಿದರೆ ಒಡೆಯದೆ ಇರುತ್ತದಾ? ಮನೆಯ ಆರ್‌ಓ ಇದೆಯಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಕುಡಿಯುವ ಆರ್‌ಓಗಳಲ್ಲಿ ರುಚಿಗಾಗಿ ಖನಿಜ ಸೇರಿಸುವ ಕಾರ್ಟ್ರಿಜ್ ಇರುತ್ತದೆ, ಇಲ್ಲವೇ ಸ್ವಲ್ಪ ಹಸಿ ನೀರನ್ನು ಬೆರೆಸುವ ತಿರುಪು ಇರುತ್ತದೆ. ನೀರಿನಲ್ಲಿ ಕರಗಿದ ಖನಿಜ ಎಷ್ಟಿದೆ ಅಂತ ಹೇಳುವ ಟಿಡಿಎಸ್ ಮೀಟರ್ ಅದ್ದಿದಾಗ ನನ್ನದು 90 ತೋರಿಸಿತು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ತರುವವರೂ ಒಮ್ಮೆ ಮೀಟರ್ ಅದ್ದಿ ನೋಡಿ. ಟ್ಯಾಂಕಿಗೆ ಬೇಕಾದದ್ದು ಸೊನ್ನೆ, ಅಥವಾ ಅದಕ್ಕೆ ಹತ್ತಿರ. ಆರ್‌ಓ ಮೆಂಬ್ರೇನ್ ದಾಟಿದ ಕೂಡಲೇ ಒಂದು ಟೀ ಜಾಯಿಂಟ್ ಹಾಕಿ, ಅದಕ್ಕೆ ಉಳಿದ ಖನಿಜವನ್ನೂ ಹಿಡಿದುಕೊಳ್ಳುವ ಡಿಐ ರೆಸಿನ್ ಕೊಳವೆ ಜೋಡಿಸಿದರೆ ಸಾಕು. ಮನೆಯವರಿಗೆ ರುಚಿಯ ನೀರು, ಮೀನಿಗೆ ಸಪ್ಪೆ ನೀರು.

ಅಡುಗೆಯ ಪುಡಿ ಉಪ್ಪು, ಕಲ್ಲುಪ್ಪು ಯಾಕಾಗಬಾರದು ಅನ್ನುವವರಿಗೆ ಒಂದೇ ಮಾತು: ಅದು ಬಹುಪಾಲು ಬರೀ ಸೋಡಿಯಂ ಕ್ಲೋರೈಡ್. ಕಡಲ ನೀರಿನ ಉಳಿದ ಖನಿಜಗಳು ಅದರಲ್ಲಿ ಬೇಕಾದಷ್ಟು ಇಲ್ಲ. ಪುಡಿ ಉಪ್ಪಿಗೆ ಗಟ್ಟಿಯಾಗದಂತೆ ಬೆರೆಸುವ ವಸ್ತುವೇ ನೀರನ್ನು ಮಬ್ಬು ಮಾಡುತ್ತದೆ.

ಬ್ಯಾಕ್ಟೀರಿಯಾದ ಮಜ್ಜಿಗೆ

ಇದು ನನ್ನದೇ ಕಥೆ. ಮೊದಲ ಟ್ಯಾಂಕಿನಲ್ಲಿ ಮರಳಿನ ಧೂಳು ಮೂರನೇ ದಿನಕ್ಕೆ ಹೋಯಿತು. ಖುಷಿಯಿಂದ ಸೈಕಲ್ ಶುರು ಮಾಡಿದೆ. ಸೈಕಲ್ ಅಂದರೆ ಕೊಳೆಯುವ ವಸ್ತುವಿನಿಂದ ಹುಟ್ಟುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುವುದು, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುವುದು. ಇವು ನೆಲೆಯೂರಲು ಮೂರರಿಂದ ಆರು ವಾರ ಬೇಕು. ಅಮೋನಿಯಾ ಹುಟ್ಟಲಿ ಅಂತ ಒಂದು ಹಸಿ ಸೀಗಡಿ ಹಾಕುವುದು ಹಳೆಯ ಪದ್ಧತಿ. ಒಂದು ಹಾಕುವ ಬದಲು ನಾನು ನಾಲ್ಕು ಹಾಕಿದೆ. ಬೇಗ ಆಗಲಿ ಅಂತ!

ಏಳನೇ ದಿನ ಬೆಳಿಗ್ಗೆ ಟ್ಯಾಂಕಿನ ಹಿಂದಿನ ಗೋಡೆ ಕಾಣಲಿಲ್ಲ. ಮನೆತುಂಬ ವಾಸನೆ. ನಮ್ಮವ್ವ ಮೂಗಿಗೆ ಸೆರಗು ಹಿಡಿದು ಓಡಾಡಿದಳು.

ಗೆಳೆಯನೊಬ್ಬ "ಒಳ್ಳೆಯದೇ, ಒಳ್ಳೆ ಬ್ಯಾಕ್ಟೀರಿಯಾ ಬೆಳೀತಿದೆ" ಅಂದ. ಈ ಮಾತು ತುಂಬಾ ಕಡೆ ಕೇಳಿಬರುತ್ತದೆ, ಆದರೆ ಸರಿಯಲ್ಲ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನಿಧಾನಸ್ಥ. ಅದು ಕಲ್ಲು, ಮರಳು, ಫಿಲ್ಟರ್ ಮೇಲೆ ಅಂಟಿಕೊಂಡು ಬದುಕುತ್ತದೆ, ನೀರನ್ನು ಬಿಳಿ ಮಾಡುವುದಿಲ್ಲ. ನೀರಿನಲ್ಲಿ ತೇಲುತ್ತಾ ಮಬ್ಬು ಮಾಡುವುದು ಬೇರೆ ಜಾತಿ. ಅದಕ್ಕೆ ಕೊಳೆತ ಸೀಗಡಿ, ಜಾಸ್ತಿಯಾದ ಮೀನಿನ ಊಟ, ಒಣ ಕಲ್ಲಿನ ಸಂದಿಯಲ್ಲಿ ಸತ್ತು ಉಳಿದಿದ್ದ ಜೀವಿಗಳು, ಇವೇ ಹಬ್ಬದೂಟ. ಕೆಲವೇ ಗಂಟೆಗಳಲ್ಲಿ ದುಪ್ಪಟ್ಟಾಗುತ್ತಾ ಹೋಗುತ್ತದೆ. ಊಟ ಮುಗಿದ ಮೇಲೆ ತಾನೇ ಇಳಿಯುತ್ತದೆ.

ಅಪಾಯ ಇರುವುದು ಬಿಳಿ ಬಣ್ಣದಲ್ಲಲ್ಲ, ಉಸಿರಿನಲ್ಲಿ. ಈ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನು ಹೀರುತ್ತದೆ. 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪುನೀರಿಗೆ ಅದೇ ಶಾಖದಲ್ಲಿ ಹಿಡಿಯುವುದು ಹೆಚ್ಚುಕಡಿಮೆ 6.8. ನೀರು 30 ಡಿಗ್ರಿಗೆ ಏರಿದರೆ 6.2ಕ್ಕೆ ಇಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಹೊರಗೆ 40 ದಾಟಿದಾಗ ಚಿಲ್ಲರ್ ಇಲ್ಲದ ಟ್ಯಾಂಕ್ 31, 32ಕ್ಕೆ ಹೋಗಲು ಒಂದೇ ಮಧ್ಯಾಹ್ನ ಸಾಕು. ಅದರ ಮೇಲೆ ಕರೆಂಟ್ ಹೋದರೆ? ಮಬ್ಬು ನೀರು, ಬಿಸಿ ನೀರು, ನಿಂತ ನೀರು, ಮೂರೂ ಒಟ್ಟಿಗೆ. ಮೀನಿದ್ದರೆ ಒಂದೆರಡು ಗಂಟೆಯಲ್ಲೇ ಮೇಲೆ ಬಂದು ಬಾಯಿ ಬಿಡಲು ಶುರು ಮಾಡುತ್ತವೆ. ಹಾಗಾಗಿ ಈ ಮಬ್ಬು ಅಂತ ಗೊತ್ತಾದ ಕೂಡಲೇ ಮೊದಲ ಕೆಲಸ ಗಾಳಿ. ಪವರ್‌ಹೆಡ್ ಮೇಲ್ಮೈ ಕದಡುವಂತೆ ತಿರುಗಿಸಿ, ಏರ್‌ಸ್ಟೋನ್ ಹಾಕಿ, ಸ್ಕಿಮ್ಮರ್ ಪೂರ್ತಿ ಓಡಿಸಿ. ಸೆಲ್ ಹಾಕಿ ಓಡಿಸುವ ಗಾಳಿ ಪಂಪ್ ಒಂದು ಮನೆಯಲ್ಲಿರಲಿ. ಟ್ಯಾಂಕಿನ ಪವರ್‌ಹೆಡ್ ಒಂದನ್ನು ಮನೆಯ ಇನ್ವರ್ಟರ್ ಲೈನಿಗೆ ಹಾಕಿಡಿ.

ಆಮೇಲೆ ಊಟ ನಿಲ್ಲಿಸುವುದು. ಕೊಳೆಯುತ್ತಿರುವುದು ಏನಿದ್ದರೂ ಹೊರಗೆ ತೆಗೆಯಿರಿ. ನನ್ನ ಮೂರು ಸೀಗಡಿ ಹೊರಗೆ ಬಂದವು. ನಾಲ್ಕನೆಯದು ಸಿಗಲೇ ಇಲ್ಲ. ಹೊಸ ಟ್ಯಾಂಕಿಗೆ ಬಿಟ್ಟ ಬಸವನಹುಳು ಕಾಣದಿದ್ದರೆ ಕಲ್ಲಿನ ಹಿಂದೆ ಹುಡುಕಿ, ಚಿಪ್ಪನ್ನು ಮೂಸಿ ನೋಡಿ. ಸತ್ತಿದ್ದರೆ ಮೂಗಿಗೆ ಕೂಡಲೇ ಗೊತ್ತಾಗುತ್ತದೆ.

ಮೀನು ಇಲ್ಲದಿದ್ದರೆ ನೀರು ಬದಲಿಸಬೇಡಿ, ಸುಮ್ನೆ ಕಾಯಿರಿ. ಅರ್ಧ ನೀರು ತೆಗೆದು ಹೊಸದು ಹಾಕಿದರೂ ಊಟ ಉಳಿದಿದ್ದರೆ ಎರಡು ದಿನದಲ್ಲಿ ಮತ್ತೆ ಅದೇ ಮಜ್ಜಿಗೆ. ಮೀನಿದ್ದರೆ ಲೆಕ್ಕ ಬೇರೆ. ಅಮೋನಿಯಾ ಅಳೆಯಿರಿ. ಕಡಲ ನೀರಿನ ಪಿಎಚ್ 8.2ರ ಆಸುಪಾಸು ಇರುವುದರಿಂದ ಅದೇ ಅಮೋನಿಯಾ ಸಿಹಿನೀರಿಗಿಂತ ಇಲ್ಲಿ ಜಾಸ್ತಿ ವಿಷ. ಅರ್ಧ ಪಿಪಿಎಂ ಹತ್ತಿರ ಬಂದರೆ, ಅದೇ ಶಾಖ, ಅದೇ ಉಪ್ಪಿನ ಹೊಸ ನೀರಿನಿಂದ ಶೇಕಡಾ 20 ಬದಲಿಸಿ. ಬೇಕಾದರೆ ಮಾರನೇ ದಿನ ಮತ್ತೊಮ್ಮೆ.

ಯುವಿ ಲೈಟಿನ ಫಿಲ್ಟರ್ ಇದ್ದರೆ ಈ ಮಬ್ಬು ಎರಡು ಮೂರು ದಿನದಲ್ಲಿ ಹೋಗುತ್ತದೆ. ಅದು ನೀರಿನಲ್ಲಿ ತೇಲುವುದನ್ನಷ್ಟೇ ಕೊಲ್ಲುತ್ತದೆ, ಕಲ್ಲಿಗೆ ಅಂಟಿದ ಬ್ಯಾಕ್ಟೀರಿಯಾಕ್ಕೆ ಏನೂ ಆಗುವುದಿಲ್ಲ. ಆದರೆ ಧೂಳಿಗೂ, ಒಡೆದ ನೀರಿಗೂ ಯುವಿ ಏನೂ ಮಾಡದು. ದುಬಾರಿ ಯುವಿ ತಂದು ಮರಳಿನ ಧೂಳಿನ ಎದುರು ಇಟ್ಟು ಕೂತವರನ್ನು ನೋಡಿದ್ದೇನೆ. ಯುವಿ ಇಲ್ಲದಿದ್ದರೂ ವಾರ, ಹತ್ತು ದಿನದಲ್ಲಿ ಇಳಿಯುತ್ತದೆ. ನನ್ನದು ಹನ್ನೆರಡು ದಿನ ತೆಗೆದುಕೊಂಡಿತು, ಆ ನಾಲ್ಕನೇ ಸೀಗಡಿಯ ದಯೆಯಿಂದ.

ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಸುರಿದ ಸಂಜೆ ನೀರು ತುಸು ಮಬ್ಬಾದರೆ ಗಾಬರಿ ಬೇಡ, ಅದು ಮಾರನೇ ದಿನಕ್ಕೆ ಹೋಗುತ್ತದೆ. ನೈಟ್ರೇಟ್ ಇಳಿಸಲು ಸಕ್ಕರೆ, ವಿನೆಗರ್ ಹಾಕುವ ಪದ್ಧತಿಯೊಂದಿದೆ. ಹೊಸ ಟ್ಯಾಂಕಿಗೆ ಅದು ಬೇಡವೇ ಬೇಡ. ತೇಲುವ ಬ್ಯಾಕ್ಟೀರಿಯಾಕ್ಕೆ ನಾವೇ ಪಾಯಸ ಬಡಿಸಿದಂತೆ.

ಕಲ್ಲಿನ ಬಗ್ಗೆಯೂ ಹೇಳಿಬಿಡುತ್ತೇನೆ. ಕಡಲ ತೀರದಿಂದ ಹವಳದ ಕಲ್ಲು ತಂದುಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ನಮ್ಮ ದೇಶದ ಕಡಲಿನ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸೆರಾಮಿಕ್ ಕಲ್ಲು ಅಥವಾ ಅಕ್ವೇರಿಯಂಗೆಂದೇ ಮಾಡಿದ ಒಣ ಕಲ್ಲು ಸಾಕು. ಅವುಗಳಲ್ಲಿ ಕೊಳೆಯುವ ವಸ್ತುವೂ ಕಡಿಮೆ, ಮಬ್ಬೂ ಕಡಿಮೆ.

ಹಸಿರು, ಹಳದಿ, ಮತ್ತೆ ಗಾಜು

ಹಸಿರು ನೀರು ಹೊಸ ಟ್ಯಾಂಕಿನಲ್ಲಿ ಅಪರೂಪ. ಸಾಮಾನ್ಯವಾಗಿ ಒಂದೆರಡು ತಿಂಗಳ ಮೇಲೆ, ಕಿಟಕಿ ಬಿಸಿಲು ನೇರವಾಗಿ ಬೀಳುವ ಟ್ಯಾಂಕಿನಲ್ಲಿ ಬರುತ್ತದೆ. ಮೂರು ದಿನ ಲೈಟ್ ಆಫ್ ಮಾಡಿ, ಟ್ಯಾಂಕಿಗೆ ಜಮಖಾನ ಹೊದಿಸಿ, ಒಳಗೆ ಗಾಳಿ ಜೋರಾಗಿ ಬಿಡಿ. ಆಮೇಲೆ ನೀರು ಸ್ವಲ್ಪ ಬದಲಿಸಿ, ಟ್ಯಾಂಕಿನ ಜಾಗವನ್ನೂ ಬದಲಿಸಿ.

ನೀರು ತಿಳಿಯಾಗಿದ್ದು ಬರೀ ಹಳದಿ ಛಾಯೆ ಇದ್ದರೆ ಅದು ಮಬ್ಬಲ್ಲ. ಕರಗಿದ ಸಾವಯವ ವಸ್ತುವಿನ ಬಣ್ಣ. ಆಕ್ಟಿವೇಟೆಡ್ ಕಾರ್ಬನ್ ಚೀಲ ಎರಡು ದಿನ ಇಟ್ಟರೆ ಹೋಗುತ್ತದೆ. ಬಿಳಿ ಮಬ್ಬಿಗೆ ಕಾರ್ಬನ್ ಹಾಕಿ ಕಾಯುವವರು ಸುಮ್ನೆ ಕಾಯುತ್ತಾರೆ.

ಇನ್ನು ನಗು ಬರುವ ಒಂದು ಕಾರಣ ಇದೆ. ಸಂಡೂರಿನ ಕಡೆ ಗೆಳೆಯರೊಬ್ಬರ ಮನೆಗೆ ಹೋದಾಗ "ತಿಂಗಳಿನಿಂದ ಮಬ್ಬು ಹೋಗ್ತಿಲ್ಲ" ಅಂದರು. ಲೋಟ ತುಂಬಿದರೆ ನೀರು ಕನ್ನಡಿಯಂತಿತ್ತು. ಗಾಜಿನ ಹೊರಗೆ ಅದಿರಿನ ಕೆಂಪು ಧೂಳು, ಒಳಗೆ ತೆಳುವಾದ ಬಿಳಿ ಲೋಳೆ. ಗಾಜು ಒರೆಸಿದೆವು. ಮೀನು ಕಂಡವು. ಮೇಲ್ಮೈಯಲ್ಲಿ ಒಗ್ಗರಣೆ ಹೊಗೆಯ ಜಿಡ್ಡು ಪದರ ಕಟ್ಟಿತ್ತು, ಅದನ್ನು ಹಳೆಯ ಪತ್ರಿಕೆಯ ಹಾಳೆ ಹಾಸಿ ಎತ್ತಿದೆವು. ಅದಿರಿನ ಧೂಳು ನಮ್ಮ ಕಡೆ ಎಲ್ಲದರ ಮೇಲೂ ಕೂರುತ್ತದೆ ನಿಜ. ಆದರೆ ನೀರನ್ನು ಹಾಲಿನಂತೆ ಮಾಡುವುದು ಅದಲ್ಲ. ಮುಚ್ಚಳದ ಬದಲು ಸಣ್ಣ ಕಣ್ಣಿನ ನೆಟ್ ಹಾಕಿ, ಮೀನು ಜಿಗಿಯುವುದೂ ತಪ್ಪುತ್ತದೆ.

ನೀರು ತಿಳಿಯಾಯಿತು ಅಂತ ಕೂಡಲೇ ಕ್ಲೌನ್ ಮೀನು ಬುಕ್ ಮಾಡಬೇಡಿ. ತಿಳಿನೀರಿನಲ್ಲೂ ಅಮೋನಿಯಾ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಸ್ವಲ್ಪ ಬಂದಿದೆ ಅಂತ ಕಿಟ್ ಹೇಳಬೇಕು. ಅಳಿಯನಿಗೆ ಇಷ್ಟಾಗಲು ಐದು ವಾರ ಹಿಡಿಯಿತು. ಜೂನ್ ಮೊದಲ ವಾರ ಎರಡು ಕ್ಲೌನ್ ಬಂದವು.

ಮೊನ್ನೆ ಮತ್ತೆ ಫೋನ್ ಮಾಡಿದ್ದ. "ಮಾಮ, ನೀರು ಚಲೋ ಐತಿ. ಆದ್ರ ಮರಳೆಲ್ಲ ಕಾಫಿಪುಡಿ ಚೆಲ್ಲಿದಂಗ ಕಂದು ಆಗೈತೆ. ಲೋಟ ತರ್ಲಾ?" ಲೋಟ ಬೇಡ, ಅದು ಡಯಾಟಮ್, ಒಂದು ಜಾತಿಯ ಪಾಚಿ, ಡಿಐ ರೆಸಿನ್ ಮುಗಿದು ಅದಕ್ಕೆ ಬೇಕಾದ ಖನಿಜ ನೀರಿನಲ್ಲಿ ಬರುತ್ತಿರಬೇಕು, ಟಿಡಿಎಸ್ ನೋಡು ಅಂದೆ. 14 ಬಂತಂತೆ.